ಹೆಸರು ಹೇಳದ ಹೋದ ಕಾಕಾಗ ಥ್ಯಾಂಕ್ಸ್

ಹೋದ ವಾರ ಧಾರವಾಡದ ಸುಭಾಸ ರೋಡಿನ್ಯಾಗ ಪುಸ್ತಕ ನೋಡ್ಕೋತ ನಿಂತಿದ್ದೆ, ಯಾವ ಕಾದಂಬರಿ ತಗೋಬೇಕು ತಿಳೀವಲ್ದಾಗಿತ್ತು, ಬಾಜೂಕ ಇದ್ದ ಕಾಕಾ ಒಬ್ರು ತಮ್ಮ ಚೀಲದಾಗಿಂದ ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ ತಗದು "ತಮ್ಮಾ ಇದನ್ನ ಓದು, ನಂದು ಮೂರು ಸಲ ಆಗೇತಿ" ಅಂತ ಕೈಯಾಗಿಟ್ಟು ಹೊಂಟೇಬಿಟ್ರು. ರೊಕ್ಕಾನೂ ತಗೋಲಿಲ್ಲ.

ಹಾಳಿ ಹಳದಿ ಆಗ್ಯಾವು, ಅಲ್ಲಲ್ಲೆ ಪೆನ್ಸಿಲ್ ಗೆರಿ, ನಡುವ ಒಂದು ಹಳೇ ಗದಗ ಬಸ್ಸಿನ ಟಿಕೆಟ್. 1956ರಾಗ ಬಂದ ಕಾದಂಬರಿ, ಮಾತು ಮಾತ್ರ ನಮ್ಮ ಓಣ್ಯಾಗ ಇವತ್ತ ಆಡಿದಂಗ ಐತಿ, ಎರಡ ರಾತ್ರ್ಯಾಗ ಮುಗಿಸಿದೆ. ಇದು ಹಿಡಿಸಿದವ್ರು ರಾವಬಹಾದ್ದೂರರ ‘ಗ್ರಾಮಾಯಣ’ನೂ ಬಿಡಬ್ಯಾಡ್ರಿ, ಒಂದಿಡೀ ಹಳ್ಳಿನ ಅದರ ನಾಯಕ.

ಕಾಕಾ, ಭಾಳ ಉಪಕಾರ ಆತ್ರಿ. ಪುಸ್ತಕಕ್ಕ ಕವರ್ ಹಾಕಿ ಇಟ್ಟೀನಿ, ಟಿಕೆಟ್ ಇದ್ದಲ್ಲೇ ಐತಿ.