ಫ್ರಾಂಕೆನ್‌ಸ್ಟೈನ್ ಕಡೆಯಿಂದ ಶುರುಮಾಡು

ಗೆಳೆಯಾ,

ನೋಡಲೇಬೇಕಾದ ಹಳೆಯ ಹಾರರ್ ಸಿನಿಮಾಗಳ ಪಟ್ಟಿ ಕೊಡು, ಜೊತೆಗೆ ಓದೋಕೆ ಒಂದಿಷ್ಟು ಪುಸ್ತಕವನ್ನೂ ಹೇಳು ಅಂತ ಕೇಳಿದ್ದೀಯ. ಪಟ್ಟಿ ಕೊಡಲ್ಲ ಮಾರಾಯ. ಪಟ್ಟಿಗಳ ಹಣೆಬರಹ ನಿನಗೂ ಗೊತ್ತು, ಫೋನಿನಲ್ಲಿ ಉಳಿಸಿಟ್ಟರೆ ಮುಗೀತು, ಮತ್ತೆ ತೆಗೆದು ನೋಡೋರು ಯಾರೂ ಇಲ್ಲ. ಒಂದೇ ಒಂದು ಸಿನಿಮಾ ಹೇಳ್ತೀನಿ. ಮುಂದಿನ ದಾರಿ ಅದೇ ತೋರಿಸುತ್ತೆ.

1931ರ ‘ಫ್ರಾಂಕೆನ್‌ಸ್ಟೈನ್’. ಜೇಮ್ಸ್ ವೇಲ್ ನಿರ್ದೇಶನ, ಒಂದೂಕಾಲು ಗಂಟೆಯೂ ಇಲ್ಲ. ಚಪ್ಪಟೆ ತಲೆ, ಕತ್ತಿನಲ್ಲಿ ಬೋಲ್ಟು. ಸಿನಿಮಾ ನೋಡದವರಿಗೂ ಆ ಮುಖ ಗೊತ್ತು. ವಿಜ್ಞಾನಿಯೊಬ್ಬ ಜೀವ ಕೊಟ್ಟ ಆ ರಾಕ್ಷಸನಾಗಿ ಬೋರಿಸ್ ಕಾರ್ಲಾಫ್ ಇಡೀ ಚಿತ್ರದಲ್ಲಿ ಒಂದು ಮಾತೂ ಆಡಲ್ಲ, ಬರೀ ಗುರುಗುಟ್ಟುತ್ತಾನೆ. ಆದರೆ ಛಾವಣಿ ತೆರೆದು ಮೊದಲ ಸಲ ಬೆಳಕು ಬಿದ್ದಾಗ ಅವನು ಎರಡೂ ಕೈ ಮೇಲೆತ್ತಿ ಅದನ್ನು ಮುಟ್ಟೋಕೆ ನೋಡ್ತಾನಲ್ಲ, ಅಲ್ಲಿ ನಿನ್ನ ಹೆದರಿಕೆ ಹೋಗಿ ಕನಿಕರ ಹುಟ್ಟುತ್ತೆ.

ಆಮೇಲೆ ಇದಕ್ಕೆ ಮೂಲವಾದ ಮೇರಿ ಶೆಲ್ಲಿಯ ಕಾದಂಬರಿ ತೆಗೆ. ಅಲ್ಲಿ ಅದೇ ಜೀವಿ ಬಾಯಿಬಿಟ್ಟರೆ ವಕೀಲನ ಹಾಗೆ ವಾದ ಮಾಡುತ್ತೆ! ಒಂದು ಬಡ ಕುಟುಂಬದ ಮನೆಗೆ ಅಂಟಿಕೊಂಡ ಕೊಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡು, ಗೋಡೆಯ ಬಿರುಕಿನಿಂದ ಅವರನ್ನು ನೋಡ್ತಾ ಭಾಷೆ ಕಲಿಯುತ್ತೆ. ಕಾಡಿನಲ್ಲಿ ಸಿಕ್ಕ ಚರ್ಮದ ಚೀಲದಲ್ಲಿ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’, ಪ್ಲೂಟಾರ್ಕ್ ಬರೆದ ಜೀವನಚರಿತ್ರೆಗಳು, ಗಯಟೆಯ ವೆರ್ಥರನ ಕಥೆ. ಮೂರನ್ನೂ ಓದಿಬಿಡುತ್ತೆ. ಆದಾಮನಿಗಾದರೂ ಜೊತೆಗೊಬ್ಬಳಿದ್ದಳು, ನನಗೆ ಯಾರಿದ್ದಾರೆ ಅನ್ನೋ ಅದರ ಸಂಕಟ ಹುಟ್ಟೋದೇ ಆ ಓದಿನಿಂದ. ಇಷ್ಟು ಓದಿಕೊಂಡ ರಾಕ್ಷಸನನ್ನು ಸಿನಿಮಾದವರು ಯಾಕೆ ಮೂಕನನ್ನಾಗಿ ಮಾಡಿದರು ಅಂತ ನನಗೆ ಈಗಲೂ ಸಿಟ್ಟು, ಕಾರ್ಲಾಫನ ಕೈಗಳನ್ನು ನೆನೆದಾಗ ಮಾತ್ರ ಸ್ವಲ್ಪ ಇಳಿಯುತ್ತೆ. ನಿನ್ನ ಪುಸ್ತಕದ ಪಟ್ಟಿಯಂತೂ ಅಲ್ಲೇ ಸಿಕ್ಕಿತು ನೋಡು: ಒಂದು ಮಹಾಕಾವ್ಯ, ಒಂದು ಚರಿತ್ರೆ, ಒಂದು ಪ್ರೇಮಕಥೆ.

ಆ ಕಾದಂಬರಿ ಹುಟ್ಟಿದ್ದು ಮಳೆಯಿಂದ. 1815ರಲ್ಲಿ ಇಂಡೋನೇಷ್ಯಾದ ತಾಂಬೊರಾ ಜ್ವಾಲಾಮುಖಿ ಸಿಡಿದು, ಅದರ ಧೂಳು ಬಿಸಿಲನ್ನು ತಡೆದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯಲ್ಲಿ ಮಳೆಗೆ ಸಿಕ್ಕಿ ಒಳಗೇ ಕೂತ ಮೇರಿ ಮತ್ತು ಗೆಳೆಯರಿಗೆ, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಅಂದವನು ಕವಿ ಬೈರನ್. ಮೇರಿಗೆ ಆಗ 18 ವರ್ಷ. ಅದೇ ಕೂಟದಲ್ಲಿದ್ದ ವೈದ್ಯ ಪೊಲಿಡೊರಿ ಬರೆದ ‘ದಿ ವ್ಯಾಂಪೈರ್’ 1819ರಲ್ಲಿ ಬಂತು, ‘ಡ್ರಾಕುಲಾ’ಗಿಂತ 78 ವರ್ಷ ಮೊದಲು. ‘ಡ್ರಾಕುಲಾ’ದಲ್ಲಿ ಕೋಟೆಯ ದಿನಚರಿಯಿರುವ ಮೊದಲ ನಾಲ್ಕು ಅಧ್ಯಾಯ ಬಿಡದೆ ಓದು, ನಡುಭಾಗ ಎಳೆದಾಟ. ಅದರ ಕಥೆಯನ್ನೇ ಅನುಮತಿಯಿಲ್ಲದೆ ಎತ್ತಿ ಮಾಡಿದ 1922ರ ಮೂಕಿಚಿತ್ರ ‘ನೊಸ್ಫೆರಾಟು’ವಿನ ಪ್ರತಿಗಳನ್ನೆಲ್ಲ ನಾಶಮಾಡಿ ಅಂತ ಕೋರ್ಟು ಹೇಳಿತ್ತು. ಕೆಲವು ಹೇಗೋ ಉಳಿದುಕೊಂಡವು, ನಮ್ಮ ಪುಣ್ಯ.

ರಕ್ತ ಕಂಡರೆ ನಿನಗಾಗಲ್ಲ ಅಂತ ಗೊತ್ತು, ಅದಕ್ಕೇ ಇನ್ನೆರಡು. ರಾಬರ್ಟ್ ವೈಸ್‌ನ ‘ದಿ ಹಾಂಟಿಂಗ್’ (1963), ಶರ್ಲಿ ಜ್ಯಾಕ್ಸನ್ ಕಾದಂಬರಿಯ ಮೇಲೆ ಮಾಡಿದ್ದು. ದೆವ್ವ ಒಮ್ಮೆಯೂ ಕಾಣಲ್ಲ. ಬಾಗಿಲು ಉಬ್ಬುತ್ತೆ, ಗೋಡೆಯಾಚೆ ಬಡಿತ ಕೇಳುತ್ತೆ, ಅಷ್ಟೇ. ಕತ್ತಲಲ್ಲಿ ಗೆಳತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಮಲಗಿದ ಹೆಂಗಸಿನ ದೃಶ್ಯವೊಂದಿದೆ. ದೀಪ ಹತ್ತಿದ ಮೇಲೆ ಏನಾಗುತ್ತೆ ಅಂತ ನಾನು ಹೇಳಲ್ಲ.

ಇನ್ನೊಂದು ‘ದಿ ಇನೊಸೆಂಟ್ಸ್’ (1961). ದೊಡ್ಡ ಬಂಗಲೆ, ಇಬ್ಬರು ಮಕ್ಕಳು, ಅವರನ್ನು ನೋಡಿಕೊಳ್ಳಲು ಬಂದ ಗವರ್ನೆಸ್ ಆಗಿ ಡೆಬೊರಾ ಕೆರ್. ಹಗಲು ಹೊತ್ತಿನಲ್ಲೇ ಕೆರೆಯಾಚೆ ಜೊಂಡಿನ ನಡುವೆ ಒಬ್ಬಳು ನಿಂತಿರುತ್ತಾಳೆ, ಸುಮ್ಮನೆ. ಹೆನ್ರಿ ಜೇಮ್ಸ್‌ನ ಮೂಲ ಕಥೆ 1898ರದ್ದು. ಪುಟ ಕಡಿಮೆ, ಆದರೆ ವಾಕ್ಯಗಳು ಸುತ್ತಿ ಸುತ್ತಿ ಬರ್ತವೆ, ತಾಳ್ಮೆ ಬೇಕು. ಅಲ್ಲಿರುವುದು ನಿಜವಾದ ದೆವ್ವವೋ ಅಥವಾ ಆ ಗವರ್ನೆಸ್ಸಿನ ತಲೆಯೊಳಗಿನದೋ ಅಂತ ಓದುಗರು ಇವತ್ತಿಗೂ ಕಿತ್ತಾಡ್ತಾರೆ. ನಾನು ತಲೆಯೊಳಗಿನದು ಅನ್ನೋ ಕಡೆಯವನು. ನೋಡಿ, ಓದಿ, ನೀನು ಯಾವ ಕಡೆ ಅಂತ ಬರಿ, ಜಗಳ ಆಡೋಣ.

ನಿನ್ನ ಗೆಳೆಯ