ಆಟದ ಅಂಕಣಕ್ಕೊಂದು ಸೂರು: ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳು ಬರುವುದು ಮಳೆಗಾಲದಲ್ಲೇ. ಕಡೂರಿನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿ.ಮೀ.; ಶೃಂಗೇರಿಯಲ್ಲಿ 3000 ದಾಟುತ್ತದೆ. ಬಯಲುಸೀಮೆಯ ಮಕ್ಕಳು ಶಾಲೆ ತೆರೆದಾಗಿನಿಂದ ಅಭ್ಯಾಸ ಮಾಡಿ ಜಿಲ್ಲಾ ಮಟ್ಟಕ್ಕೆ ಬಂದರೆ, ಕೊಪ್ಪ, ಮೂಡಿಗೆರೆಯ ಮಕ್ಕಳು ಅಂಕಣದ ಗೆರೆಯನ್ನೇ ಕಾಣದೆ ಬಂದಿರುತ್ತಾರೆ. ಸೋತರೆ ‘ಮಲೆನಾಡಿನವರಿಗೆ ಕಸುವಿಲ್ಲ’ ಎನ್ನುತ್ತಾರೆ. ಸೂರಿಲ್ಲದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ವರ್ಷಕ್ಕೆ 2 ಕೋಟಿಯ ನಿಮ್ಮ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಹೋಬಳಿಗೊಂದರಂತೆ ಚಾವಣಿ ಹಾಕಿಸುತ್ತಾ ಬನ್ನಿ. ವಾಲಿಬಾಲ್ ಅಂಕಣ 18 × 9 ಮೀಟರ್, ಸುತ್ತ 3 ಮೀಟರ್ ಖಾಲಿ ಜಾಗ. ಅಲ್ಲಿಗೆ 24 × 15. ಕಬಡ್ಡಿಯ 13 × 10 ಅದರೊಳಗೇ ಕೂರುತ್ತದೆ. ಖೋ ಖೋದ 27 × 16 ಹಿಡಿಸುವುದಿಲ್ಲ, ಆದರೆ ಕಂಬ ಸುತ್ತುವುದನ್ನು, ಏಳುವುದು ಕೂರುವುದನ್ನು ಒಳಗೆ ಕಲಿಸಬಹುದು. ಎತ್ತರ 7 ಮೀಟರಿಗೆ ಕಡಿಮೆಯಾದರೆ ಚೆಂಡು ತಗಡಿಗೆ ಬಡಿಯುತ್ತದೆ. ಅಷ್ಟು ಎತ್ತರಿಸಿದರೆ ಇರಚಲು ಅಂಕಣದ ನಡುವಿನವರೆಗೂ ನುಗ್ಗುತ್ತದೆ. ಎಸ್ಟಿಮೇಟ್ ಬರೆಯುವವರು ಮರೆಯುವುದು ಇದನ್ನೇ. ಗಾಳಿ ಹೊಡೆಯುವ ಪಡುವಣ, ತೆಂಕಣ ಬದಿಗಳಿಗೆ ಮೇಲಿನಿಂದ ತಗಡು ಇಳಿಸಿ, ಉಳಿದೆರಡು ಬದಿ ತೆರೆದಿಡಬೇಕು. ನಾಲ್ಕೂ ಕಡೆ ಮುಚ್ಚಿದರೆ ಒಳಗೆ ಬೂಷ್ಟು.

ನೆಲ ಮಣ್ಣಿನದೇ ಇರಲಿ. ಕಾಂಕ್ರೀಟಿನ ಮೇಲೆ ಕಬಡ್ಡಿ ಆಡಿಸಿದರೆ ಮೊಣಕಾಲು ಉಳಿಯುವುದಿಲ್ಲ. ಮೇಲಾಗಿ ಕಾಂಕ್ರೀಟ್ ನೆಲದ ಚಾವಣಿಯೆಂದರೆ ಮೂಟೆ ಪೇರಿಸಲು ಹೇಳಿ ಮಾಡಿಸಿದ ಗೋದಾಮು. ಸುತ್ತಲಿನ ಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರಿಸಿ. ಅರ್ಧ ಅಡಿ ಮಣ್ಣು, ನೀರು, ರೋಲರ್, ಮತ್ತೆ ಅರ್ಧ ಅಡಿ. ಟಿಪ್ಪರ್‌ನಿಂದ ಒಮ್ಮೆಗೇ ಸುರಿದು ಜೆಸಿಬಿಯಲ್ಲಿ ತಟ್ಟಿದ ನೆಲ ಮೊದಲ ಮಳೆಗಾಲಕ್ಕೇ ಕುಸಿಯುತ್ತದೆ. ಗುಡ್ಡದ ಬದಿಯ ಚರಂಡಿ ಇದೆಲ್ಲಕ್ಕಿಂತ ಮೊದಲು ಆಗಬೇಕು. ವಾಲಿಬಾಲ್ ಕಂಬಗಳನ್ನು ಹೂಳದೆ, ನೆಲದಲ್ಲಿ ಪೈಪು ಕೂರಿಸಿ ಅದರೊಳಗೆ ಇಳಿಸಿದರೆ ಕಬಡ್ಡಿ ಹೊತ್ತಿಗೆ ಎತ್ತಿಡಬಹುದು.

ಹೈಮಾಸ್ಟ್ ದೀಪ ಬೇಡ. ಆನೆ ಓಡಾಡುವ ಊರುಗಳಲ್ಲಿ ಮಕ್ಕಳು ಕತ್ತಲಾಗುವ ಮುಂಚೆ ಮನೆ ಸೇರಲೇಬೇಕು. ಆ ದುಡ್ಡಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಕಟ್ಟಿಸಿ. ಜಾಗ ಬಸ್ ಸ್ಟಾಪಿಗೆ ಹತ್ತಿರವಿರಲಿ. ಸಂಜೆಯ ಬಸ್ ತಪ್ಪುತ್ತದೆಂದರೆ ಮೊದಲು ಆಟ ಬಿಡುವವಳು ಹುಡುಗಿಯೇ.

ಕೈ, ಕಾಲು, ಸೊಂಟ ಹಿಡಿಯದೆ ಕಬಡ್ಡಿಯಿಲ್ಲ. ತೋಟದ ಕೂಲಿಕಾರರ ಲೈನ್ ಮನೆಯ ಹುಡುಗನೂ ತೋಟದ ಸಾಹುಕಾರರ ಮಗನೂ ಒಬ್ಬರನ್ನೊಬ್ಬರು ಮುಟ್ಟಿ ಸರಪಳಿ ಕಟ್ಟುವ ಜಾಗ ನಮ್ಮ ಊರುಗಳಲ್ಲಿ ಬೇರೆ ಎಷ್ಟಿವೆ, ನೀವೇ ಎಣಿಸಿ.

ಮೇ ಮುಗಿಯುವ ಮುಂಚೆ ಚಾವಣಿಯಂಚಿನ ನೀರಿನ ದೋಣಿಯಲ್ಲಿ ಕಟ್ಟಿಕೊಂಡ ಎಲೆ ತೆಗೆಸಿ, ತಗಡಿನ ಸ್ಕ್ರೂಗಳ ರಬ್ಬರ್ ವಾಷರ್ ಬದಲಿಸುವ ಖರ್ಚನ್ನು ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಪ್ರತಿವರ್ಷ ಸೇರಿಸಲು ಹೇಳಿ. ಬೀಗದ ಕೈ ದೈಹಿಕ ಶಿಕ್ಷಕರ ಬಳಿಯೂ ಒಂದಿರಲಿ.

ಜಾಗ ನೋಡಲು ಇಂಜಿನಿಯರ್ ಜೊತೆ ಜುಲೈನಲ್ಲಿ ಬನ್ನಿ. ನೀರು ಯಾವ ಕಡೆಯಿಂದ ಇಳಿಯುತ್ತದೆ ಎಂಬುದು ಆಗಲೇ ಕಾಣುವುದು.

ಇತಿ,
ಮಲೆನಾಡಿನ ಕೆಲವು ದೈಹಿಕ ಶಿಕ್ಷಕರು