ಜವಳಿ ಸಚಿವರಿಗೊಂದು ಬಹಿರಂಗ ಪತ್ರ: ನೇಕಾರರ ಮಕ್ಕಳಿಗೆ ಮುಕ್ತ ತಂತ್ರಾಂಶ ಕಲಿಸಿ

ಮಾನ್ಯ ಜವಳಿ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಸವಿನಯ ನಮಸ್ಕಾರಗಳು.

ನಾನು ಇಳಕಲ್ಲಿನವಳು. ಸೀರೆಗೆ, ಖಣಕ್ಕೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆದುಕೊಡುವುದು ನನ್ನ ಕೆಲಸ. ಬಾಗಲಕೋಟೆ ಜಿಲ್ಲೆಯಲ್ಲಿ ಮಗ್ಗ ನಂಬಿದ ಊರುಗಳು ಹಲವಿವೆ. ಇಳಕಲ್, ಗುಳೇದಗುಡ್ಡ, ಕಮತಗಿ, ರಬಕವಿ-ಬನಹಟ್ಟಿ ತಮಗೆ ಗೊತ್ತಿರುವ ಊರುಗಳೇ. ಇಲ್ಲಿನ ಮಕ್ಕಳಿಗೆ ಸರ್ಕಾರದ ಹಣದಲ್ಲಿ ಕೊಡುವ ಡಿಸೈನ್ ತರಬೇತಿಯಲ್ಲಿ ಇನ್ನು ಮುಂದೆ ಮುಕ್ತ ತಂತ್ರಾಂಶಗಳನ್ನೇ, ಅಂದರೆ ಯಾರು ಬೇಕಾದರೂ ಬಳಸಲು, ತಿದ್ದಲು, ಹಂಚಲು ಬಿಟ್ಟ ಸಾಫ್ಟ್‌ವೇರ್‌ಗಳನ್ನೇ ಕಲಿಸಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ತರಬೇತಿ ಮುಗಿಸಿ ಬಂದ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಇದನ್ನೇ: “ಅಕ್ಕಾರ, ಅಲ್ಲಿ ಕಲಿಸಿದ ಸಾಫ್ಟ್‌ವೇರ್ ಮನ್ಯಾಗ ಹೆಂಗ ಹಾಕ್ಕೊಳ್ಳೂದ್ರಿ?” ಫೋಟೋಶಾಪ್, ಕೋರೆಲ್‌ಡ್ರಾ ಕಲಿತು ಪ್ರಮಾಣಪತ್ರ ತಂದಿರುತ್ತಾರೆ. ಕೈ ಪಳಗಿರುತ್ತದೆ, ಉಪಕರಣವೇ ಇರುವುದಿಲ್ಲ. 2013ರಲ್ಲಿ ಫೋಟೋಶಾಪ್ ಮಾಡುವ ಅಡೋಬಿ ಕಂಪನಿ ಹೊಸ ಆವೃತ್ತಿಗಳನ್ನು ಚಂದಾ ಕಟ್ಟುವವರಿಗಷ್ಟೇ ಕೊಡುವುದಾಗಿ ಘೋಷಿಸಿತು. ಚಂದಾ ನಿಂತರೆ ಕೆಲಸವೂ ನಿಂತಂತೆ. ಮಗ್ಗದ ಕೂಲಿಯಲ್ಲಿ ಒಲೆ ಉರಿಯುವ ಮನೆಯಲ್ಲಿ ಆ ಹಣ ಹೊಂದಿಸುವವರು ಯಾರು?

ಹಾಗಾಗಿ ಪೆನ್‌ಡ್ರೈವಿನಲ್ಲಿ ಕಳ್ಳ ಪ್ರತಿ ಬರುತ್ತದೆ, ಅದರ ಬೆನ್ನಿಗೆ ವೈರಸ್ಸೂ ಬರುತ್ತದೆ. ಗೊತ್ತಿದ್ದೂ ಅಂಥ ಪ್ರತಿ ಬಳಸಿದವರಿಗೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಮು 7 ದಿನದಿಂದ 3 ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಹೇಳುತ್ತದೆ. ಸರ್ಕಾರವೇ ಕಲಿಸಿದ ವಿದ್ಯೆ ನೇಕಾರರ ಮಕ್ಕಳನ್ನು ಈ ಕಲಮಿನ ಮುಂದೆ ತಂದು ನಿಲ್ಲಿಸಬಾರದು.

“ಪುಕ್ಕಟೆ ಸಾಫ್ಟ್‌ವೇರ್ ಕೆಲಸಕ್ಕೆ ಬರುವುದಿಲ್ಲ” ಎಂದು ತಮಗೆ ಹೇಳುವವರು ಇದ್ದೇ ಇರುತ್ತಾರೆ. ಆದ್ದರಿಂದ ನಮ್ಮ ಕೆಲಸವನ್ನು ತುಸು ಬಿಡಿಸಿ ಹೇಳುತ್ತೇನೆ. ಹಿರಿಯರು ಗ್ರಾಫ್ ಹಾಳೆಯ ಮೇಲೆ ಚೌಕ ತುಂಬುತ್ತಿದ್ದರು. ಹಾಸಿನ (ಉದ್ದದ) ಒಂದು ಎಳೆ, ಹೊಕ್ಕಿನ (ಅಡ್ಡದ) ಒಂದು ಎಳೆ ಕೂಡುವ ಜಾಗಕ್ಕೆ ಒಂದು ಚೌಕ. ಎಲ್ಲಿ ಹಾಸಿನ ಎಳೆ ಏಳಬೇಕೋ ಅಲ್ಲಿ ಬಣ್ಣ. ಅದನ್ನು ನೋಡಿಕೊಂಡು, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ತಿಳಿಸುವ ಜಕಾರ್ಡ್ ಸಾಧನದ ಕಾರ್ಡಿಗೆ ತೂತು ಹೊಡೆಯುವುದು. ಕಂಪ್ಯೂಟರಿನಲ್ಲಿ ಆ ಚೌಕದ ಜಾಗದಲ್ಲಿ ಪಿಕ್ಸೆಲ್, ಅಂದರೆ ಪರದೆಯ ಚಿತ್ರದ ಒಂದು ಚುಕ್ಕೆ ಇದೆ, ಅಷ್ಟೇ. ಗಿಂಪ್ ಎಂಬ ಮುಕ್ತ ಚಿತ್ರ ತಂತ್ರಾಂಶದಲ್ಲಿ ಎಷ್ಟು ಎಳೆಯೋ ಅಷ್ಟೇ ಪಿಕ್ಸೆಲ್ ಅಗಲದ ಚಿತ್ರ ತೆರೆದು, ಇಂಡೆಕ್ಸ್ಡ್ ಮೋಡಿನಲ್ಲಿ ಬಣ್ಣಗಳನ್ನು ಎರಡು ಮೂರಕ್ಕೆ ಇಳಿಸಿ, ಬ್ರಷ್ ಬಿಟ್ಟು ಪೆನ್ಸಿಲ್ ಹಿಡಿದರೆ ಅಂಚು ಮಸುಕಾಗದೆ ಒಂದೊಂದೇ ಚೌಕ ತುಂಬುತ್ತದೆ. ಚಿತ್ರ ಬರೆಯುವ ಇನ್ನೊಂದು ಮುಕ್ತ ತಂತ್ರಾಂಶ ಕ್ರಿಟಾದಲ್ಲಿ ಒಂದು ಕೀಲಿ ಒತ್ತಿದರೆ ಬರೆಯುತ್ತಿರುವ ಚಿತ್ರ ನಾಲ್ಕೂ ಕಡೆ ಮರುಕಳಿಸಿ ಕಾಣುತ್ತದೆ. ಖಣದ ಬುಟ್ಟಾ (ಚಿಕ್ಕ ನಕ್ಷೆ) ಪಕ್ಕದ ಬುಟ್ಟಾಕ್ಕೆ ಸರಿಯಾಗಿ ಕೂಡಿದೆಯೋ ಇಲ್ಲವೋ ಮಗ್ಗಕ್ಕೆ ಏರುವ ಮೊದಲೇ ಗೊತ್ತಾಗುತ್ತದೆ. ಕಸೂತಿಯ ಗೋಪುರ, ತೇರುಗಳನ್ನು ಸಾಲಾಗಿ ಕೂರಿಸಲು ಇಂಕ್‌ಸ್ಕೇಪ್ ಎಂಬ ಮುಕ್ತ ತಂತ್ರಾಂಶ ಇದೆ. ಹಳೆಯ ಕಂಪ್ಯೂಟರಿನಲ್ಲೂ ಈ ಗಾತ್ರದ ಚಿತ್ರಗಳು ಸಲೀಸಾಗಿ ತೆರೆಯುತ್ತವೆ. ಡಿಸೈನನ್ನು ಪಿಎನ್‌ಜಿ, ಎಸ್‌ವಿಜಿಯಂಥ ಮುಕ್ತ ರೂಪದಲ್ಲಿ ಉಳಿಸಿಟ್ಟರೆ ಮುಂದೆ ಯಾವ ಕಂಪನಿಗೂ ಹಣ ಕಟ್ಟದೆ ತೆಗೆದು ನೋಡಬಹುದು. ಇಳಕಲ್ ಸೀರೆಯ ಟೋಪ ತೆನಿ ಸೆರಗಿನಂಥ ಪರಂಪರೆಯ ನಕ್ಷೆಗಳ ವಿಷಯದಲ್ಲಂತೂ ಇದು ಬಹಳ ದೊಡ್ಡ ಮಾತು.

ಇನ್ನೊಂದು ಸಂಗತಿ ತಮ್ಮ ಗಮನಕ್ಕೆ. ನೇಕಾರಿಕೆಗೆಂದೇ ಮಾಡಿದ ಡಿಜಿಬುನಾಯಿ ಎಂಬ ಮುಕ್ತ ತಂತ್ರಾಂಶ ನಮ್ಮ ದೇಶದ್ದೇ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಡಿಯಲ್ಲಿ ಮೀಡಿಯಾ ಲ್ಯಾಬ್ ಏಷ್ಯಾ, ಅಂದರೆ ಈಗಿನ ಡಿಜಿಟಲ್ ಇಂಡಿಯಾ ಕಾರ್ಪೊರೇಷನ್, ಅದನ್ನು ರೂಪಿಸಿದೆ. ಜಕಾರ್ಡ್‌ಗೂ, ಚಿಕ್ಕ ನಕ್ಷೆ ನೇಯುವ ಡಾಬಿಗೂ ಡಿಸೈನ್ ಮಾಡಬಹುದು. ಜನರ ತೆರಿಗೆಯಲ್ಲಿ ಆದ ಕೆಲಸ ಜನರ ಮಗ್ಗದವರೆಗೆ ಬರಲೇಬೇಕು.

ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಪಾಠ ಮಾಡುತ್ತಿವೆ. ಅಲ್ಲಿನ ಹೈಸ್ಕೂಲು ಮಕ್ಕಳು ಬ್ಲೆಂಡರ್ ಎಂಬ ಮುಕ್ತ ತಂತ್ರಾಂಶದಲ್ಲಿ ಅನಿಮೇಷನ್ ಮಾಡುತ್ತಾರೆ. ಅದೇ ಬ್ಲೆಂಡರ್‌ನಲ್ಲಿ ತಯಾರಾದ ಲಾತ್ವಿಯಾ ನಿರ್ದೇಶಕನ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ಕಲಿಸುವುದಕ್ಕೆ ಸಾಮಗ್ರಿಯೂ ಇದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇಂಥ ತಂತ್ರಾಂಶಗಳ ಪಾಠಗಳನ್ನು ಕನ್ನಡಕ್ಕೂ ತಂದಿದೆ.

ತೊಡಕುಗಳನ್ನು ಮುಚ್ಚಿಡುವುದಿಲ್ಲ. ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣಗಳ ವಿಷಯದಲ್ಲಿ ಗಿಂಪ್ ಇನ್ನೂ ಹಿಂದಿದೆ. ಕೋರೆಲ್ ಫೈಲುಗಳನ್ನು ಇಂಕ್‌ಸ್ಕೇಪ್ ತೆರೆದರೂ ಎಲ್ಲ ಸಲ ಇದ್ದದ್ದು ಇದ್ದಂತೆ ಬರುವುದಿಲ್ಲ. ಕೆಲವು ಎಲೆಕ್ಟ್ರಾನಿಕ್ ಜಕಾರ್ಡ್ ಯಂತ್ರಗಳು ತಮ್ಮದೇ ಫೈಲು ಬೇಕೆಂದು ಹಟ ಹಿಡಿಯುತ್ತವೆ. ಈ ಕೊನೆಯದ್ದನ್ನು ಬಿಡಿಸುವುದು ತಮ್ಮ ಕೈಯಲ್ಲೇ ಇದೆ. ಸಹಾಯಧನದಲ್ಲಿ ಕೊಡುವ ಯಂತ್ರ ಸಾಮಾನ್ಯ ಚಿತ್ರದ ಫೈಲನ್ನು ಓದಲೇಬೇಕು ಎಂದು ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿದರೆ ಸಾಕು.

ಸರ್ಕಾರಿ ಕೆಲಸಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರ 2015ರಲ್ಲೇ ನೀತಿ ಹೊರಡಿಸಿದೆ. ಲೈಸೆನ್ಸಿಗೆ ಹೋಗುವ ಹಣವನ್ನು ತರಬೇತುದಾರರ ಸಂಬಳಕ್ಕೆ ಹಾಕಿ. ತರಬೇತಿ ಮುಗಿದ ಮೇಲೂ ಕೈಹಿಡಿದು ಕಲಿಸುವ ಒಬ್ಬರು ಊರಲ್ಲಿ ಇರಲಿ, ಕನ್ನಡದ ಒಂದು ಕೈಪಿಡಿ ಇರಲಿ. ನಮ್ಮ ಮಕ್ಕಳಿಗೆ ತಂತ್ರಾಂಶಕ್ಕಿಂತ ಹೆಚ್ಚಾಗಿ ಬೇಕಾದದ್ದು ಕೇಳಿದಾಗ ಉತ್ತರ ಕೊಡುವ ಮನುಷ್ಯರು ಎಂಬುದು ನನ್ನ ಗಟ್ಟಿ ನಂಬಿಕೆ.

ಮುಂದಿನ ತರಬೇತಿಯ ಪಠ್ಯ ಗೊತ್ತುಮಾಡುವ ಮೊದಲು ಇಲಾಖೆಯ ಅಧಿಕಾರಿಗಳನ್ನು ಇಳಕಲ್ಲಿಗೆ ಕಳುಹಿಸಿಕೊಡಿ. ಅವರು ಹೇಳಿದ ದಡಿಯನ್ನು ಅವರ ಎದುರಿಗೇ ಗಿಂಪ್‌ನಲ್ಲಿ ಬರೆದು, ಕಾರ್ಡ್ ಹೊಡೆಸಿ, ಮಗ್ಗಕ್ಕೆ ಏರಿಸಿ ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಸೀರೆ ಡಿಸೈನ್ ಬರೆಯುವ ಒಬ್ಬ ಹೆಣ್ಣುಮಗಳು
ಇಳಕಲ್, ಬಾಗಲಕೋಟೆ ಜಿಲ್ಲೆ